ಉದ್ದ ಒಂದೇ, ತಳ ಬೇರೆ

ಪ್ರಶ್ನೆ: ನಾನು ಗಂಗೊಳ್ಳಿಯವನು. ಅಮೆರಿಕದ ನ್ಯೂ ಬೆಡ್‌ಫರ್ಡ್‌ನಲ್ಲಿ ಕೆಲಸ. ರಜಾದಿನ ಗಾಳ ಹಾಕಲು ಹಳೆಯ ದೋಣಿಯೊಂದನ್ನು ಕೊಳ್ಳಬೇಕೆಂದು ಎರಡು ನೋಡಿಟ್ಟಿದ್ದೇನೆ. ಎರಡೂ ಹೆಚ್ಚುಕಡಿಮೆ 17 ಅಡಿ, ಬೆಲೆಯೂ ಒಂದೇ. ಒಂದು ಬೋಸ್ಟನ್ ವೇಲರ್ ಮಾಂಟಾಕ್, ಇನ್ನೊಂದು ಆಳ ‘ವಿ’ ತಳದ್ದು. ಜೂನ್‌ನಲ್ಲಿ ಅಪ್ಪಯ್ಯ ಬರುತ್ತಾರೆ. ನಲವತ್ತು ವರ್ಷ ಕಡಲಿಗಿಳಿದವರು, ಈಗ ಮೊಣಕಾಲು ನೋವು. ಅವರನ್ನು ಕೂರಿಸಿಕೊಂಡು ಹೋಗುವ ಆಸೆ. ತಪ್ಪು ದೋಣಿ ಕೊಳ್ಳುತ್ತೇನೋ ಎಂದು ನಿದ್ದೆಯಿಲ್ಲ.

ಉತ್ತರ: ಉದ್ದ, ಬೆಲೆ ಎರಡನ್ನೂ ಬದಿಗಿಟ್ಟು ದೋಣಿಯ ಅಡಿಗೆ ಬಗ್ಗಿ ನೋಡಿ. ಮಾಂಟಾಕ್‌ನ ತಳ ಆಳ ‘ವಿ’ಗಿಂತ ಚಪ್ಪಟೆ. ನಿಮ್ಮ ತಂದೆ ಒಂದು ಬದಿಗೆ ಸರಿದು ಮೀನೆಳೆದರೂ ಅಷ್ಟಾಗಿ ವಾಲದು. ಆದರೆ ತೆರೆಗೆ ಎದುರಾಗಿ ಓಡಿಸಿದರೆ ಪೆಟ್ಟು ನೇರ ಬೆನ್ನಿಗೆ. ‘ವಿ’ ತಳ ತೆರೆಯನ್ನು ಸೀಳಿಕೊಂಡು ಹೋಗುತ್ತದೆ, ಎಂಜಿನ್ ನಿಲ್ಲಿಸಿ ಗಾಳ ಬಿಟ್ಟರೆ ಮಾತ್ರ ತೊಟ್ಟಿಲಿನಂತೆ ತೂಗುತ್ತದೆ. ಅದೇ ವೇಗಕ್ಕೆ ಹೆಚ್ಚು ಎಂಜಿನ್ ಶಕ್ತಿಯನ್ನೂ ಕೇಳುತ್ತದೆ. ಈ ಎರಡು ಬಗೆಯ ತಳದ ಹಿಂದಿರುವವರೂ ಒಬ್ಬರೇ, ನಿಮ್ಮ ಮ್ಯಾಸಚೂಸೆಟ್ಸ್‌ನ ರೇಮಂಡ್ ಹಂಟ್. 1958ರ ಮೊದಲ ವೇಲರ್‌ನಲ್ಲಿ ಅವರ ಕೈಯಿತ್ತು. 1960ರ ಮಯಾಮಿ–ನಸ್ಸೌ ಪಂದ್ಯ ಗೆದ್ದ ಆಳ ‘ವಿ’ ದೋಣಿಯೂ ಅವರದೇ ವಿನ್ಯಾಸ.

ಹಾಗಾಗಿ ನಿಮ್ಮ ನೀರು ಎಂಥದ್ದು ಎಂಬುದೇ ಮುಖ್ಯ. ನ್ಯೂ ಬೆಡ್‌ಫರ್ಡ್ ಮುಂದಿನ ಬಜರ್ಡ್ಸ್ ಕೊಲ್ಲಿ ಆಳವಿಲ್ಲದ್ದು. ಬೇಸಿಗೆಯ ಮಧ್ಯಾಹ್ನ ನೈಋತ್ಯ ಗಾಳಿ ಎದ್ದರೆ ಗಿಡ್ಡ ತೆರೆಗಳು ಒತ್ತೊತ್ತಾಗಿ ಬರುತ್ತವೆ. ಇಳಿತದ ನೀರಿಗೆ ಎದುರುಗಾಳಿ ಬಿದ್ದಾಗ ಗಂಗೊಳ್ಳಿ ಅಳಿವೆ ಹೇಗಿರುತ್ತದೆಂದು ನಿಮಗೆ ನಾನು ಹೇಳಬೇಕಿಲ್ಲ. ದಿನವೂ ಕೊಲ್ಲಿ ದಾಟುವವರಾದರೆ ‘ವಿ’ ತಳವನ್ನೇ ಕೊಳ್ಳಿ ಎನ್ನುತ್ತಿದ್ದೆ. ಮೊಣಕಾಲು ನೋವಿನ ತಂದೆಯೊಡನೆ ಬೆಳಗ್ಗೆ ಬೇಗ ಹೊರಟು, ದಡ ಬಿಡದೆ, ಗಾಳಿ ಏಳುವ ಮೊದಲು ಮರಳುವುದಾದರೆ ಮಾಂಟಾಕ್ ಸರಿ.

ಆದರೆ ಕಣ್ಣುಮುಚ್ಚಿ ಹಣ ಕೊಡಬೇಡಿ. ವೇಲರ್‌ನ ಎರಡು ಪದರಗಳ ನಡುವೆ ಫೋಮ್ ತುಂಬಿರುತ್ತದೆ. 1961ರಲ್ಲಿ ‘ಲೈಫ್’ ಪತ್ರಿಕೆ ಗರಗಸದಿಂದ ಎರಡು ತುಂಡಾದ ವೇಲರ್ ತೇಲುತ್ತಿರುವ ಚಿತ್ರ ಪ್ರಕಟಿಸಿತ್ತು. ಮುಳುಗದು ನಿಜ. ಆದರೆ ಸರಿಯಾಗಿ ಮುಚ್ಚದ ಸ್ಕ್ರೂ ತೂತುಗಳಿಂದ ನೀರಿಳಿದರೆ ಆ ಫೋಮ್ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ, ಒಣಗುವುದೇ ಕಷ್ಟ. ಟ್ರೇಲರ್ ಸಮೇತ ತೂಕ ಹಾಕಿಸಿ. ಟ್ರೇಲರ್, ಎಂಜಿನ್, ಇಂಧನದ ತೂಕ ಕಳೆದು, ಕಂಪನಿ ಹೇಳಿದ ತೂಕದೊಡನೆ ಹೋಲಿಸಿ. ಬಹಳ ಹೆಚ್ಚಿದ್ದರೆ ಬಿಟ್ಟುಬಿಡಿ, ಇನ್ನೊಂದಕ್ಕೆ ಹೋಗಿ. ಅದರಲ್ಲಿ ನೋಡಬೇಕಾದದ್ದು ಎಂಜಿನ್ ಕೂರುವ ಹಿಂದಿನ ಹಲಗೆ. ಎಂಜಿನ್ ಮೇಲೆತ್ತಿ ಅಲುಗಾಡಿಸಿ. ಹಲಗೆ ಬಾಗಿದರೆ ಒಳಗಿನ ಪ್ಲೈವುಡ್ ಕೊಳೆತಿರಬಹುದು.

ಯಾವುದೇ ಆಗಲಿ, ಮಾರುವವರು ಎಂಜಿನ್ ಮೊದಲೇ ಬಿಸಿ ಮಾಡಿಡದಂತೆ ಕೇಳಿಕೊಳ್ಳಿ. ತಣ್ಣಗಿದ್ದಾಗ ಹೇಗೆ ಶುರುವಾಗುತ್ತದೆಂದು ನಿಮ್ಮೆದುರೇ ಗೊತ್ತಾಗಲಿ. ಸಾಧ್ಯವಾದರೆ ಗಾಳಿಯಿರುವ ಮಧ್ಯಾಹ್ನವೇ ಓಡಿಸಿ ನೋಡಿ.

ಅಲ್ಲಿನ ಕಾನೂನಿನಂತೆ ಪ್ರತಿಯೊಬ್ಬರಿಗೂ ಒಂದು ಲೈಫ್ ಜಾಕೆಟ್, ಜೊತೆಗೆ ನೀರಿಗೆ ಬಿದ್ದವರತ್ತ ಎಸೆಯಲು ಒಂದು ತೇಲು ಸಾಧನ ದೋಣಿಯಲ್ಲಿರಬೇಕು. ಜೂನ್ ಆರಂಭದಲ್ಲಿ ಅಲ್ಲಿನ ನೀರು ನಮ್ಮ ಕಡಲಿನಂತಲ್ಲ, ಕೊರೆಯುತ್ತದೆ. ನಲವತ್ತು ವರ್ಷದ ಕಡಲು ಕಂಡ ನಿಮ್ಮ ತಂದೆ ಜಾಕೆಟ್ ಬೇಡವೆಂದಾರು. ದಕ್ಕೆಯಲ್ಲಿ ಅವರ ಮುಂದೆ ಮೊದಲು ನೀವು ಹಾಕಿಕೊಳ್ಳಿ, ಆಮೇಲೆ ಅವರದನ್ನು ಕೈಗೆ ಕೊಡಿ.