ಹೆಸರು ಹಲವು, ಔಷಧ ಒಂದು

ಮಧುಮೇಹವು ನಮ್ಮ ಪ್ರಾಚೀನರಿಗೆ ಅಪರಿಚಿತವಾದ ವ್ಯಾಧಿಯಲ್ಲ. ಇಪ್ಪತ್ತು ಬಗೆಯ ಪ್ರಮೇಹಗಳನ್ನು ಎಣಿಸುವ ಚರಕಸಂಹಿತೆಯು ಮಧುಮೇಹವನ್ನೂ ಹೆಸರಿಸುತ್ತದೆ. ಜನರು ಸಕ್ಕರೆ ಕಾಯಿಲೆಯೆನ್ನುವ ಈ ರೋಗವು ಬಹುಮಟ್ಟಿಗೆ ಜೀವಮಾನವಿಡೀ ಔಷಧವನ್ನು ಬೇಡುವಂಥದು. ಆದುದರಿಂದ ಔಷಧವುಂಟೇ ಎಂಬ ಪ್ರಶ್ನೆಯಷ್ಟೇ, ಅದನ್ನು ತಪ್ಪದೆ ಕೊಳ್ಳುವ ಶಕ್ತಿಯುಂಟೇ ಎಂಬ ಪ್ರಶ್ನೆಯೂ ಮುಖ್ಯವಾದುದು.

ತುಂಗಭದ್ರಾ ಎಡದಂಡೆ ಕಾಲುವೆಯ ನೀರನ್ನು ನಂಬಿ ಭತ್ತ ಬೆಳೆಯುವ ಸಿಂಧನೂರು, ತುರ್ವಿಹಾಳಗಳ ಸೀಮೆಯಲ್ಲಿ ನಾಟಿ, ಕೊಯ್ಲುಗಳ ಕಾಲಕ್ಕೆ ಕೂಲಿಯುಂಟು. ಕಾಲುವೆ ಬತ್ತಿದರೆ ಕೂಲಿಯೂ ಬತ್ತುತ್ತದೆ. ರೋಗವಾದರೋ ಋತುವನ್ನು ನೋಡುವುದಿಲ್ಲ. ಕೈ ಬರಿದಾಗಿ ಗುಳಿಗೆ ಬಿಟ್ಟವನಿಗೆ ಒಡನೆಯೇ ನೋವು ತೋರದಿರಬಹುದು. ಆದರೆ ಕಣ್ಣು, ಮೂತ್ರಪಿಂಡ, ಪಾದಗಳು ಸದ್ದಿಲ್ಲದೆ ಕೆಡುತ್ತ ಹೋಗುತ್ತವೆ.

ಅಮರಕೋಶವನ್ನು ಓದಿದ ವಿದ್ಯಾರ್ಥಿಯು ಪರ್ಯಾಯಪದಗಳನ್ನು ಬಲ್ಲನು. ಕಮಲ, ಪದ್ಮ, ಸರೋಜವೆಂದು ಪದಗಳು ಹಲವಾದರೂ ಹೂವು ಒಂದೇ. ಔಷಧಗಳ ವಿಷಯವೂ ಹೀಗೆಯೇ. ಮೆಟ್‌ಫಾರ್ಮಿನ್ ಎಂಬುದು ಮೂಲನಾಮ; ಅದನ್ನೇ ಅನೇಕ ಕಂಪನಿಗಳು ತಂತಮ್ಮ ವ್ಯಾಪಾರನಾಮಗಳಿಂದ ಮಾರುತ್ತವೆ. ಕಾವ್ಯದಲ್ಲಿ ಪರ್ಯಾಯಪದಕ್ಕೆ ಹಣ ತೆರಬೇಕಾಗಿಲ್ಲ, ಅಂಗಡಿಯಲ್ಲಿ ತೆರಬೇಕಾಗುತ್ತದೆ.

ಈ ಹೊರೆಯನ್ನು ಇಳಿಸಲೆಂದೇ ಕೇಂದ್ರ ಸರ್ಕಾರವು ೨೦೦೮ರಲ್ಲಿ ಜನೌಷಧಿ ಯೋಜನೆಯನ್ನು ಆರಂಭಿಸಿತು. ಅಲ್ಲಿ ಔಷಧಗಳು ಮೂಲನಾಮದಿಂದಲೇ ದೊರೆಯುತ್ತವೆ. ಸಿಟಾಗ್ಲಿಪ್ಟಿನ್ ಎಂಬ ಗುಳಿಗೆಯ ಪೇಟೆಂಟು ೨೦೨೨ರಲ್ಲಿ ಮುಗಿಯಲು, ಅನೇಕರು ಅದನ್ನು ತಯಾರಿಸತೊಡಗಿ ಬೆಲೆ ಇಳಿಯಿತು. ಅದೇ ವರ್ಷ ಜನೌಷಧಿ ಕೇಂದ್ರಗಳಲ್ಲಿ ೫೦ ಮಿಲಿಗ್ರಾಮಿನ ೧೦ ಗುಳಿಗೆಗಳು ೬೦ ರೂಪಾಯಿಗೆ ಬಂದವು.

ಇನ್ಸುಲಿನ್ನಿನ ಚರಿತ್ರೆಯು ಇನ್ನೂ ಬೋಧಪ್ರದವಾದುದು. ೧೯೨೧ರಲ್ಲಿ ಕೆನಡಾದ ಟೊರಾಂಟೊದಲ್ಲಿ ಅದನ್ನು ಕಂಡುಹಿಡಿದ ಬಳಿಕ, ೧೯೨೩ರಲ್ಲಿ ಬ್ಯಾಂಟಿಂಗ್, ಬೆಸ್ಟ್, ಕಾಲಿಪ್ ಎಂಬ ವಿಜ್ಞಾನಿಗಳು ಅದರ ಪೇಟೆಂಟನ್ನು ತಲಾ ಒಂದೊಂದು ಡಾಲರಿಗೆ ಅಲ್ಲಿನ ವಿಶ್ವವಿದ್ಯಾನಿಲಯಕ್ಕೆ ಒಪ್ಪಿಸಿದರು. ವಿದ್ಯೆಯ ಫಲವು ಒಬ್ಬರ ಪೆಟ್ಟಿಗೆಯಲ್ಲಿ ಉಳಿಯಬಾರದೆಂಬುದೇ ಅದರ ತಾತ್ಪರ್ಯ. ನಮ್ಮ ನಾಡಿನ ಬೆಂಗಳೂರಿನ ಬಯೋಕಾನ್ ಸಂಸ್ಥೆಯು ೨೦೦೪ರಲ್ಲಿ ಮಾನವ ಇನ್ಸುಲಿನ್ನನ್ನು ಮಾರುಕಟ್ಟೆಗೆ ತಂದಿತು; ೨೦೧೯ರಲ್ಲಿ ಬಡ ರಾಷ್ಟ್ರಗಳ ಸರ್ಕಾರಗಳಿಗೆ ದಿನವೊಂದಕ್ಕೆ ೧೦ ಅಮೆರಿಕನ್ ಸೆಂಟಿಗೂ ಕಡಿಮೆ ಬೆಲೆಯಲ್ಲಿ ಅದನ್ನು ಒದಗಿಸುವೆನೆಂದು ಘೋಷಿಸಿತು.

ಅಗ್ಗವೆಂದು ಅರಿಯದೆ ಬದಲಿಸುವುದೂ ಅಪಾಯಕರ. ಒಂದು ಮಿಲಿಲೀಟರಿಗೆ ೪೦ ಯೂನಿಟ್ಟಿನ ಸೀಸೆಗೆ ೪೦ರ ಗುರುತಿನ ಸಿರಿಂಜನ್ನೇ ಬಳಸಬೇಕು; ೧೦೦ರ ಸಿರಿಂಜಿನ ಗೀಟನ್ನು ನಂಬಿ ಅಳೆದರೆ ಪ್ರಮಾಣ ತಪ್ಪುತ್ತದೆ. ಗುಳಿಗೆಯನ್ನು ಬದಲಿಸುವ ಮೊದಲು ವೈದ್ಯರನ್ನು ಕೇಳತಕ್ಕದ್ದು. ಸರ್ಕಾರಿ ಆಸ್ಪತ್ರೆ, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ರಕ್ತಪರೀಕ್ಷೆಯನ್ನೂ ಗುಳಿಗೆಗಳನ್ನೂ ಉಚಿತವಾಗಿ ಕೊಡುವ ವ್ಯವಸ್ಥೆಯುಂಟೆಂಬುದನ್ನು ಮರೆಯಲಾಗದು.

ಗುಳಿಗೆಯ ಹಾಳೆಯ ಮೇಲೆ ಮೂಲನಾಮವನ್ನು ಅಚ್ಚುಮಾಡಿರುತ್ತಾರೆ. ಅದನ್ನು ಓದಬಲ್ಲ ಒಬ್ಬ ವಿದ್ಯಾರ್ಥಿ ಮನೆಯಲ್ಲಿದ್ದರೆ, ಅಕ್ಷರವರಿಯದ ಅಜ್ಜಿಯ ಔಷಧವು ನಡುವೆ ನಿಲ್ಲದಂತೆ ಕಾಯಬಹುದು. ಅಕ್ಷರವಿದ್ಯೆಗೆ ಇದಕ್ಕಿಂತ ಸಾರ್ಥಕವಾದ ಉಪಯೋಗ ಬೇರಾವುದಿದೆ?