ಕಡಲನ್ನು ಸೇರಿದ ವಿಕಿರಣ

ಸಮುದ್ರಕ್ಕೆ ಬಿದ್ದುದೆಲ್ಲವೂ ಸಮುದ್ರದಲ್ಲಿ ಕರಗಿ ಹೋಗುವುದೆಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ವಿಕಿರಣಶೀಲ ವಸ್ತುಗಳ ವಿಷಯದಲ್ಲಿ ಈ ಮಾತು ಎಷ್ಟರಮಟ್ಟಿಗೆ ನಿಜವೆಂಬುದನ್ನು ಇಲ್ಲಿ ಪರಿಶೀಲಿಸಲು ಯತ್ನಿಸಿದ್ದೇನೆ.

1954ನೆಯ ಇಸವಿ ಮಾರ್ಚ್ 1ರಂದು ಅಮೆರಿಕವು ಶಾಂತಸಾಗರದ ಬಿಕಿನಿ ದ್ವೀಪದಲ್ಲಿ 15 ಮೆಗಾಟನ್ ಶಕ್ತಿಯ ಜಲಜನಕ ಬಾಂಬನ್ನು ಸಿಡಿಸಿತು. ಹವಳದ ಪುಡಿಯೊಡನೆ ಮೇಲೆದ್ದ ವಿಕಿರಣಶೀಲ ಧೂಳು ಕಡಲಿನ ಮೇಲೂ ಜಪಾನಿನ ಒಂದು ಮೀನುಗಾರಿಕೆಯ ಹಡಗಿನ ಮೇಲೂ ಬೂದಿಯಂತೆ ಸುರಿಯಿತು. ಹಡಗಿನಲ್ಲಿದ್ದ 23 ಮಂದಿಯೂ ಅಸ್ವಸ್ಥರಾದರು; ಅವರಲ್ಲೊಬ್ಬರು ಆ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ನೀರಿಗೆ ಬಿದ್ದ ಧೂಳು ಬೇಗನೆ ನಿರಪಾಯವಾಗುವುದೆಂದು ಅಮೆರಿಕದ ಅಧಿಕಾರಿಗಳು ನಂಬಿದ್ದರು. ಅದೇ ವರ್ಷ ಜಪಾನಿನ ವಿಜ್ಞಾನಿಗಳು ಶುಂಕೊತ್ಸು ಮಾರು ಎಂಬ ಹಡಗಿನಲ್ಲಿ ಹೋಗಿ ಅಳೆದಾಗ, ಬಿಕಿನಿಯಿಂದ ಪಶ್ಚಿಮಕ್ಕೆ ಬಹುದೂರದ ನೀರಿನಲ್ಲೂ ಮೀನುಗಳಲ್ಲೂ ವಿಕಿರಣ ಕಂಡುಬಂದಿತು.

ಇದಕ್ಕೆ ಮೂರು ಕಾರಣಗಳುಂಟು. ಮೊದಲನೆಯದು, ಸಮುದ್ರದ ಪದರಗಳು. ಮೇಲಣ ನೀರು ಬೆಚ್ಚಗೆ, ಹಗುರ; ಕೆಳಗಣದು ತಣ್ಣಗೆ, ಭಾರ. ಇವು ಸುಲಭವಾಗಿ ಬೆರೆಯುವುದಿಲ್ಲ. ಆದಕಾರಣ ಮೇಲೆ ಬಿದ್ದ ವಸ್ತುವನ್ನು ಪ್ರವಾಹವು ಮೇಲ್ಪದರದಲ್ಲಿಯೇ ದೂರ ಒಯ್ಯುತ್ತದೆ. ಎರಡನೆಯದು, ಧಾತುವಿನ ಗುಣ. ಸೀಸಿಯಂ ನೀರಿನಲ್ಲಿ ಕರಗಿ ಅದರೊಡನೆ ಸಾಗುತ್ತದೆ. ಪ್ಲುಟೋನಿಯಂ ಬಹುಮಟ್ಟಿಗೆ ಕಣಗಳಿಗೆ ಅಂಟಿಕೊಂಡು ತಳದ ಕೆಸರನ್ನು ಸೇರುತ್ತದೆ. ಮೂರನೆಯದು, ಜೀವಿಗಳು. ಸತುವು ಪ್ರಾಣಿಗಳಿಗೆ ಬೇಕಾದ ಧಾತು. ಸ್ಫೋಟದ ನ್ಯೂಟ್ರಾನುಗಳಿಂದ ಹುಟ್ಟಿದ ಸತು-65, ಆಹಾರದ ಮೂಲಕ ಟ್ಯೂನ ಮೀನುಗಳ ಮೈಯಲ್ಲಿ ಶೇಖರವಾಯಿತು. ಮೀನಾದರೋ ಪ್ರವಾಹದ ದಾರಿಯನ್ನೇ ಹಿಡಿಯಬೇಕೆಂದಿಲ್ಲ!

ಇವುಗಳೊಡನೆ ಕಾಲವನ್ನೂ ಗಣಿಸಬೇಕು. ಅರ್ಧ ಭಾಗ ನಶಿಸಲು ಅಯೋಡಿನ್-131ಕ್ಕೆ 8 ದಿನ ಸಾಕು. ಸೀಸಿಯಂ-137ಕ್ಕೆ ಸುಮಾರು 30 ವರ್ಷ, ಪ್ಲುಟೋನಿಯಂ-239ಕ್ಕೆ ಸುಮಾರು 24,000 ವರ್ಷ ಬೇಕು.

ಹಾಗೆಂದು ಕಡಲು ತೆಳುಗೊಳಿಸುವುದೇ ಇಲ್ಲವೆನ್ನುವುದೂ ತಪ್ಪು. 2011ರಲ್ಲಿ ಜಪಾನಿನ ಫುಕುಶಿಮ ಅಣುಸ್ಥಾವರದಿಂದ ಕಡಲಿಗೆ ಬಿದ್ದ ಸೀಸಿಯಂ, ಶಾಂತಸಾಗರವನ್ನು ದಾಟಿ 2015ರಲ್ಲಿ ಕೆನಡಾದ ದಡದಲ್ಲಿ ಪತ್ತೆಯಾಯಿತು. ಅಲ್ಲಿ ಅದರ ವಿಕಿರಣವು ಒಂದು ಘನ ಮೀಟರು ನೀರಿಗೆ 10 ಬೆಕೆರೆಲಿಗಿಂತ ಕಡಿಮೆ. ಅಷ್ಟೇ ನೀರಿನಲ್ಲಿ ಸಹಜವಾಗಿಯೇ ಇರುವ ಪೊಟಾಸಿಯಂ-40ರದು ಸುಮಾರು 12,000. ಆದರೆ ಆ ಸ್ಥಾವರದ ಬಳಿಯ ಮೀನುಗಳಲ್ಲಿ 2013ರಲ್ಲಿಯೂ ಆಹಾರದ ಮಿತಿಯನ್ನು ಬಹಳವಾಗಿ ಮೀರಿದ ಸೀಸಿಯಂ ಸಿಕ್ಕಿತು.

ಆದುದರಿಂದ “ಕಡಲು ದೊಡ್ಡದು” ಎಂಬುದಷ್ಟೇ ಉತ್ತರವಾಗಲಾರದು. ಯಾವ ಧಾತು, ಯಾವ ಪದರ, ಯಾವ ಜೀವಿ, ಎಷ್ಟು ಕಾಲ ಎಂದು ಕೇಳಿದ ಬಳಿಕವೇ ಮೀನು ಹಿಡಿಯುವವರಿಗೂ ತಿನ್ನುವವರಿಗೂ ನಾವು ಅಭಯವನ್ನೀಯಬಹುದು.