ನಳಿಗೆಯ ನಡುವಿನ ಉಬ್ಬು

ಕುಷ್ಟಗಿಯ ಗೆಳೆಯರೇ, ನಿಮ್ಮ 1:35 ಅಳತೆಯ ಟಿ-55 ಕಿಟ್ 1971ರ ಯುದ್ಧದ ನಮ್ಮ ಸೇನೆಯ ಟ್ಯಾಂಕಿನಂತೆ ಕಾಣಬೇಕಾದರೆ ಮೊದಲು ನಳಿಗೆಗೆ ಕೈಹಾಕಿ. ಪಾಕಿಸ್ತಾನದ ಟೈಪ್ 59 ಟ್ಯಾಂಕ್ ನೋಡಲು ನಮ್ಮ ಟಿ-55ರಂತೆಯೇ ಇತ್ತು. ನಮ್ಮವರ ಮೇಲೆ ನಮ್ಮವರೇ ಗುಂಡು ಹಾರಿಸಬಾರದೆಂದು ನಳಿಗೆಯ ನಡುವೆ ಹುಸಿ ಉಬ್ಬೊಂದನ್ನು ಜೋಡಿಸಿದ್ದರು. ಆ ಉಬ್ಬು ಮೂಡಿಸಲು ತೆಳು ಕಾಗದದ ಪಟ್ಟಿ ಸುತ್ತಿ, ಸೂಪರ್ ಗ್ಲೂ ಹೀರಿಸಿ, ಒಣಗಿದ ಮೇಲೆ ಉಪ್ಪುಕಾಗದದಿಂದ ನಯವಾಗಿ ಉಜ್ಜಿ.

ಕಿನ್ನಾಳದ ಚಿತ್ರಗಾರರು ಬಳಸುವ ಹುಣಸೆಬೀಜದ ಅಂಟಿನಿಂದ ಕಿಟ್‌ನ ಸಂದು ತುಂಬಬಹುದೇ ಎಂದು ಕೇಳಿದ್ದೀರಿ. ಓದಿ ಮನಸ್ಸು ಅರಳಿತು. ಆದರೆ ಆ ಅಂಟು ಮರವನ್ನು ಹಿಡಿಯುತ್ತದೆ, ಪ್ಲಾಸ್ಟಿಕ್ಕನ್ನಲ್ಲ. ಸಂದಿಗೆ ಮಾಡೆಲ್ ಪುಟ್ಟಿಯೇ ಬೇಕು. ಟ್ಯಾಂಕ್ ನಿಲ್ಲಿಸುವ ಹಲಗೆಗೆ ಮಾತ್ರ ಆ ಅಂಟನ್ನೇ ಮರದ ಹೊಟ್ಟಿನೊಂದಿಗೆ ಕಲಸಿ ಹಚ್ಚಿ, ಹಸಿಯಿರುವಾಗಲೇ ಟ್ಯಾಂಕಿನ ಚೈನು ಒತ್ತಿ ಜಾಡು ಮೂಡಿಸಿ.